ಒಂದು ಕೊಕ್ಕೊ ಗಿಡಕ್ಕೆ ತುಂಬ ತೂತು, ಪಕ್ಕದ್ದಕ್ಕೆ ಏನೂ ಇಲ್ಲ: ಕೊರೆಯುವ ದುಂಬಿ ಮರ ಆರಿಸುವುದು ಹೇಗೆ?

ಬೈಲುತೋಟ (ಕಾರ್ಕಳ):

ಗದ್ದೆಯನ್ನು ತೋಟ ಮಾಡಿದ ಜಾಗ, ಅಡಿಕೆಯ ನಡುವೆ ಆರು ವರ್ಷದ ಕೊಕ್ಕೊ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಸ್ವಲ್ಪ ಬಿಡುವು ಕೊಟ್ಟ ಮೇಲೆ ಕೆಲವು ಕೊಕ್ಕೊ ಗಿಡಗಳ ಕಾಂಡದಲ್ಲಿ, ಬುಡದಿಂದ ಸೊಂಟದೆತ್ತರದ ಒಳಗೆ, ಒಂದೂವರೆ ಮಿ.ಮೀ. ಆಸುಪಾಸಿನ ದುಂಡನೆಯ ತೂತುಗಳು ಕಾಣುತ್ತಿವೆ. ತೂತಿನಿಂದ ಬಿಳಿ ಹುಡಿ ಒತ್ತುಶ್ಯಾವಿಗೆಯ ಎಳೆಯ ಹಾಗೆ ಹೊರಗೆ ಬಂದು ನಿಲ್ಲುತ್ತದೆ, ಮುಟ್ಟಿದರೆ ಉದುರುತ್ತದೆ. ಎಲೆ ಮಾತ್ರ ಹಸಿರಾಗಿಯೇ ಇದೆ. ಅದೇ ಸಾಲಿನಲ್ಲಿ ಹತ್ತಡಿ ದೂರದ ಗಿಡಕ್ಕೆ ಒಂದು ತೂತೂ ಇಲ್ಲ.

ಈ ದುಂಬಿಗೆ ಇದೇ ಗಿಡ ಬೇಕು ಎಂದು ಗೊತ್ತಾಗುವುದು ಹೇಗೆ? ಯುರೋಪಿನ ಸ್ಪ್ರೂಸ್ ಕಾಡುಗಳನ್ನು ಒಣಗಿಸುವ ತೊಗಟೆ ದುಂಬಿಯೂ ಇದೂ ಒಂದೆಯಾ? ಕಾಂಡಕ್ಕೆ ಕೀಟನಾಶಕ ಹೊಡೆದರೆ ಪ್ರಯೋಜನ ಉಂಟಾ?

ತಿರುಳುಗಾರ:

ಎಳೆಯ ಹಾಗೆ ಹುಡಿ ಹೊರಬರುವುದು ಆಂಬ್ರೋಸಿಯಾ ದುಂಬಿಯ ಗುರುತು. ಈ ಗಾತ್ರದ ತೂತಿಗೆ ಮೊದಲ ಅನುಮಾನ ಝೈಲೊಸ್ಯಾಂಡ್ರಸ್ ಕ್ರಾಸಿಯುಸ್ಕುಲಸ್ ಮೇಲೆ. ಹೆಣ್ಣು ಎರಡರಿಂದ ಮೂರು ಮಿ.ಮೀ. ಉದ್ದ, ಕೆಂಪುಕಂದು ಬಣ್ಣ, ಹಿಂಭಾಗ ಸ್ವಲ್ಪ ಕಪ್ಪು. ರೋಬಸ್ಟಾ ಕಾಫಿಯ ಪೆನ್ಸಿಲ್ ದಪ್ಪದ ರೆಂಬೆ ಒಣಗಿಸುವ ಝೈಲೊಸ್ಯಾಂಡ್ರಸ್ ಕಾಂಪ್ಯಾಕ್ಟಸ್ ಇದರ ಹತ್ತಿರದ ಸಂಬಂಧಿ, ಅದು ಎರಡು ಮಿ.ಮೀ. ಒಳಗೆ. ನಾಲ್ಕು ಮಿ.ಮೀ. ಉದ್ದದ, ಸಪೂರ ಮೈಯ ದುಂಬಿ ಸಿಕ್ಕಿದರೆ ಯೂಪ್ಲಾಟಿಪಸ್ ಪ್ಯಾರಲೆಲಸ್ ಇರಬಹುದು. ಅಮೆರಿಕ ಮೂಲದ ಈ ಹುಳ ಈಗ ಭಾರತದಲ್ಲೂ ಇದೆ.

ತೊಗಟೆ ದುಂಬಿಯೂ ಈ ಆಂಬ್ರೋಸಿಯಾ ದುಂಬಿಯೂ ಮೂತಿಹುಳಗಳ ದೊಡ್ಡ ಕುಟುಂಬದ ಒಂದೇ ಉಪಕುಟುಂಬಕ್ಕೆ ಸೇರಿದವು, ಆದರೆ ಊಟ ಬೇರೆ. ತೊಗಟೆ ದುಂಬಿ ತೊಗಟೆಯ ಒಳಪದರವನ್ನು ತಿನ್ನುತ್ತದೆ, ಮರಿಗಳು ಅಲ್ಲಿಯೇ ಅಡ್ಡಡ್ಡ ಸುರಂಗ ಕೊರೆಯುತ್ತವೆ. ಆಂಬ್ರೋಸಿಯಾ ದುಂಬಿ ಮರವನ್ನು ತಿನ್ನುವುದೇ ಇಲ್ಲ. ಕೊರೆದ ಹುಡಿಯನ್ನು ಹೊರಗೆ ದೂಡುತ್ತದೆ, ತನ್ನ ಮೈಯಲ್ಲಿರುವ ಸಣ್ಣ ಚೀಲದಲ್ಲಿ ಹೊತ್ತು ತಂದ ಶಿಲೀಂಧ್ರವನ್ನು ಸುರಂಗದ ಗೋಡೆಗೆ ಬಿತ್ತುತ್ತದೆ, ತಾನೂ ಮರಿಗಳೂ ಅದನ್ನೇ ತಿನ್ನುತ್ತವೆ. ಶಿಲೀಂಧ್ರ ಬೆಳೆಯುವವರೆಗೆ ತಾಯಿ ಮೊಟ್ಟೆ ಇಡುವುದಿಲ್ಲ. ಮರದ ಆಯ್ಕೆ ಅರ್ಥವಾಗಬೇಕಾದರೆ ಈ ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಿ: ಅದು ಹುಡುಕುವುದು ತನಗೆ ರುಚಿಯಾದ ಮರವನ್ನಲ್ಲ, ತನ್ನ ಶಿಲೀಂಧ್ರ ಬೆಳೆಯುವ ಮರವನ್ನು. ಕೊಕ್ಕೊ, ಕಾಫಿ, ಮಾವು, ಕಾಡುಮರ ಎಂಬ ಭೇದ ಅದಕ್ಕೆ ಕಡಿಮೆ ಇರುವುದಕ್ಕೂ ಇದೇ ಕಾರಣ.

ಅಂಥ ಮರದ ಸುಳಿವು ಎಥೆನಾಲ್, ಅಂದರೆ ಮದ್ಯಸಾರ. ಬೇರಿಗೆ ಆಮ್ಲಜನಕ ಸಿಗದಿದ್ದಾಗ ಜೀವಕೋಶಗಳು ಸಕ್ಕರೆಯನ್ನು ಪೂರ್ತಿ ಉರಿಸಲಾಗದೆ ಹುಳಿಸುವ ದಾರಿ ಹಿಡಿಯುತ್ತವೆ: ಸಕ್ಕರೆ ಒಡೆದು ಬಂದ ಪೈರುವೇಟ್ ಅಸಿಟಾಲ್ಡಿಹೈಡ್ ಆಗಿ, ಅದು ಎಥೆನಾಲ್ ಆಗುತ್ತದೆ. ಎಥೆನಾಲ್ ನೀರಿನ ಜೊತೆ ಕಾಂಡಕ್ಕೆ ಏರಿ, ತೊಗಟೆಯ ಸಣ್ಣ ರಂಧ್ರಗಳಿಂದ ಹೊರಗೆ ಸೂಸುತ್ತದೆ. ದುಂಬಿಯ ಮೀಸೆಯ ತುದಿಯ ಗದೆಯಂಥ ಭಾಗದಲ್ಲಿ ವಾಸನೆ ಹಿಡಿಯುವ ರೋಮಗಳಿವೆ. ಪ್ರಯೋಗಗಳಲ್ಲಿ ಆರೋಗ್ಯವಾಗಿದ್ದ ಮರಕ್ಕೆ ಎಥೆನಾಲ್ ಚುಚ್ಚಿದರೆ ಒಂದೆರಡು ದಿನಗಳಲ್ಲೇ ದುಂಬಿ ಬಂದು ಕೊರೆಯುತ್ತದೆ, ಚುಚ್ಚದ ಪಕ್ಕದ ಮರವನ್ನು ಬಿಡುತ್ತದೆ. ಕುಂಡದ ಬುಡದಲ್ಲಿ ನೀರು ನಿಲ್ಲಿಸಿದ ಗಿಡಗಳಲ್ಲೂ ಹಾಗೆಯೇ. ನಿಮ್ಮ ಸಾಲಿನಲ್ಲಿ ಆದದ್ದೂ ಬಹುಶಃ ಇದೇ.

ಎಲೆ ಹಸಿರಾಗಿದೆ ಎಂದು ಗಿಡ ಚೆನ್ನಾಗಿದೆ ಎನ್ನುವಂತಿಲ್ಲ. ಬೇರು ಉಸಿರುಗಟ್ಟಿದ ಕೆಲವೇ ದಿನಗಳಲ್ಲಿ ಎಥೆನಾಲ್ ಹೊರಬೀಳುತ್ತದೆ, ಎಲೆ ಬಾಡಲು ವಾರಗಳು ಬೇಕು. ನಮ್ಮ ಕಣ್ಣಿಗೆ ಕಾಣುವ ಮೊದಲೇ ದುಂಬಿಗೆ ಗೊತ್ತಾಗಿರುತ್ತದೆ.

ಎಥೆನಾಲ್ ಬರೀ ಕರೆಯೋಲೆ ಮಾತ್ರವೂ ಅಲ್ಲ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದಂತೆ, ಮರದಲ್ಲಿ ಸ್ವಲ್ಪ ಎಥೆನಾಲ್ ಇದ್ದರೆ ದುಂಬಿಯ ಶಿಲೀಂಧ್ರ ಚೆನ್ನಾಗಿ ಬೆಳೆಯುತ್ತದೆ, ಅದಕ್ಕೆ ಪೈಪೋಟಿ ಕೊಡುವ ಬೂಸ್ಟುಗಳು ಹಿಂದೆ ಬೀಳುತ್ತವೆ. ಎಥೆನಾಲ್ ಇಲ್ಲದ ಗಟ್ಟಿ ಮರದಲ್ಲಿ ಕೊರೆಯಲು ಶುರು ಮಾಡಿದ ತಾಯಿ ಎಷ್ಟೋ ಸಲ ಅರ್ಧಕ್ಕೆ ಬಿಟ್ಟು ಹೋಗುತ್ತದೆ. ಹುಡಿ ಇಲ್ಲದ, ಎರಡು ಮೂರು ಮಿ.ಮೀ. ಆಳದಲ್ಲಿ ನಿಂತುಹೋದ ತೂತು ಕಂಡರೆ ಅದು ಬಿಟ್ಟುಹೋದ ತೂತು ಎಂದು ಲೆಕ್ಕ.

ಝೈಲೊಸ್ಯಾಂಡ್ರಸ್‌ನಲ್ಲಿ ಹಾರುವುದು ಹೆಣ್ಣು ಮಾತ್ರ. ಗಂಡಿಗೆ ಹಾರಲು ಬಾರದು, ಅದು ಹುಟ್ಟುವುದು ಫಲಿತವಾಗದ ಮೊಟ್ಟೆಯಿಂದ. ಅಕ್ಕತಂಗಿಯರು ಗೂಡಿನೊಳಗೇ ಅಣ್ಣತಮ್ಮನೊಡನೆ ಕೂಡಿ ಹೊರಬರುತ್ತವೆ. ಹಾಗಾಗಿ ಒಂದೇ ಒಂದು ಹೆಣ್ಣು ಬಂದರೂ ಹೊಸ ಸಂಸಾರಕ್ಕೆ ಸಾಕು.

ಕೀಟಪೆಟ್ಟಿಗೆ (ಮಣಿಪಾಲ):

ಸ್ಪ್ರೂಸ್ ಪ್ರಶ್ನೆಗೆ ಉತ್ತರ: ಅದು ಇಪ್ಸ್ ಟೈಪೊಗ್ರಾಫಸ್, ನಿಜವಾದ ತೊಗಟೆ ದುಂಬಿ. ಅಲ್ಲಿ ಮೊದಲು ಬರುವುದು ಗಂಡು. ಸ್ಪ್ರೂಸ್, ಪೈನ್ ಮರಗಳಿಗೆ ರಾಳವೇ ರಕ್ಷಣೆ. ಒಂದೆರಡು ದುಂಬಿ ಕೊರೆದರೆ ರಾಳ ನುಗ್ಗಿ ಅವನ್ನು ಮುಳುಗಿಸುತ್ತದೆ. ಅದಕ್ಕಾಗಿ ಒಳಹೊಕ್ಕ ಗಂಡು ಮೀಥೈಲ್‌ಬ್ಯೂಟಿನಾಲ್ ಮತ್ತು ಸಿಸ್-ವರ್ಬಿನಾಲ್ ಎಂಬ ಎರಡು ವಸ್ತುಗಳನ್ನು ಬಿಟ್ಟು ಉಳಿದವನ್ನು ಕರೆಯುತ್ತದೆ. ಇದರಲ್ಲಿ ಸಿಸ್-ವರ್ಬಿನಾಲ್ ತಯಾರಾಗುವುದು ಮರದ ರಾಳದಲ್ಲಿರುವ ಆಲ್ಫಾ-ಪೈನೀನ್‌ನಿಂದಲೇ. ನೂರಾರು ದುಂಬಿಗಳು ಒಟ್ಟಿಗೆ ಬಿದ್ದಾಗ ಮರದ ರಾಳ ಮುಗಿಯುತ್ತದೆ. ಜಾಗ ತುಂಬಿದ ಮೇಲೆ ವರ್ಬಿನೋನ್ ಎಂಬ ಇನ್ನೊಂದು ವಾಸನೆ ಹೆಚ್ಚಾಗುತ್ತದೆ, ಹೊಸತಾಗಿ ಬಂದವು ಪಕ್ಕದ ಮರಕ್ಕೆ ತಿರುಗುತ್ತವೆ. ಕೆನಡಾದ ಪರ್ವತ ಪೈನ್ ದುಂಬಿಯಲ್ಲಿ ಮೊದಲು ಬರುವುದು ಹೆಣ್ಣು, ಉಳಿದ ಕ್ರಮ ಹೆಚ್ಚುಕಡಿಮೆ ಇದೇ. ತೊಗಟೆ ದುಂಬಿಯ ಫೆರಮೋನನ್ನು, ಅಂದರೆ ತನ್ನ ಬಳಗಕ್ಕೆ ಸುದ್ದಿ ಕೊಡುವ ಇಂಥ ವಾಸನೆಯನ್ನು, ಮೊದಲ ಬಾರಿಗೆ ಗುರುತಿಸಿದ್ದು 1966ರಲ್ಲಿ, ಕ್ಯಾಲಿಫೋರ್ನಿಯಾದ ಇಪ್ಸ್ ಜಾತಿಯೊಂದರಲ್ಲಿ.

ಬೇಡದ ಮರವನ್ನು ಬಿಡುವುದಕ್ಕೂ ವಾಸನೆಯೇ ಆಧಾರ. ಅಗಲ ಎಲೆಯ ಮರಗಳ ಹಸಿರೆಲೆ ವಾಸನೆ, ಅಂದರೆ ಹೆಕ್ಸನಾಲ್‌ನಂಥವು, ಬಂದರೆ ಇಪ್ಸ್ ದೂರ ಸರಿಯುತ್ತದೆ. ಕಣ್ಣೂ ಸ್ವಲ್ಪ ಕೆಲಸ ಮಾಡುತ್ತದೆ: ಕಪ್ಪಾದ, ನೆಟ್ಟಗೆ ನಿಂತ ಆಕೃತಿಯತ್ತ ಹಾರುತ್ತದೆ. ಅದಕ್ಕೇ ಸಂಶೋಧಕರು ಬಳಸುವ ಲಿಂಡ್‌ಗ್ರೆನ್ ಬಲೆಯಲ್ಲಿ ಕಪ್ಪು ಆಲಿಕೆಗಳನ್ನು ಒಂದರ ಕೆಳಗೊಂದು ತೂಗಿಸಿರುತ್ತಾರೆ.

ನಮ್ಮ ಕಡೆಯ ನಿಜವಾದ ತೊಗಟೆ ದುಂಬಿ ನೋಡಬೇಕಾದರೆ ಒಣಗುತ್ತಿರುವ ಮಾವಿನ ಕೊಂಬೆಯ ತೊಗಟೆ ಎಬ್ಬಿಸಿ. ಹೈಪೊಕ್ರಿಫಾಲಸ್ ಮ್ಯಾಂಜಿಫೆರೇ ದಕ್ಷಿಣ ಏಷ್ಯಾ ಮೂಲದ್ದು, ಮಾವನ್ನೇ ಹಿಡಿದುಕೊಂಡಿರುವಂಥದ್ದು. ಒಮಾನ್, ಪಾಕಿಸ್ತಾನಗಳಲ್ಲಿ ಮಾವು ದಿಢೀರ್ ಒಣಗುವ ರೋಗದ ಸೆರಾಟೊಸಿಸ್ಟಿಸ್ ಶಿಲೀಂಧ್ರವನ್ನು ಇದು ಮರದಿಂದ ಮರಕ್ಕೆ ಒಯ್ಯುತ್ತದೆ.

ನಿಮ್ಮ ಕೊಕ್ಕೊದ ದುಂಬಿಗೂ ಇವಕ್ಕೂ ಇರುವ ದೊಡ್ಡ ವ್ಯತ್ಯಾಸ ಇಷ್ಟು: ಝೈಲೊಸ್ಯಾಂಡ್ರಸ್ ತನ್ನ ಬಳಗವನ್ನು ಕರೆಯುವುದಿಲ್ಲ. ಒಂದೇ ಗಿಡದಲ್ಲಿ ನಲವತ್ತು ತೂತು ಇದ್ದರೆ, ಆ ನಲವತ್ತನ್ನೂ ಕರೆದದ್ದು ಗಿಡವೇ. ಹಾಗಾಗಿ ಗಿಡ ಎಥೆನಾಲ್ ಬಿಡುವುದನ್ನು ನಿಲ್ಲಿಸಿದರೆ ದಾಳಿಯೂ ನಿಲ್ಲುತ್ತದೆ. ಸ್ಪ್ರೂಸ್ ಬೆಳೆಯುವವರಿಗೆ ಈ ಭಾಗ್ಯ ಇಲ್ಲ. ಯೂಪ್ಲಾಟಿಪಸ್ ಆದರೆ ಮತ್ತೆ ಬೇರೆ, ಅದರಲ್ಲಿ ಮೊದಲು ಕೊರೆಯುವುದು ಗಂಡು.

ಮುರಕಲ್ಲು:

ಕೀಟಪೆಟ್ಟಿಗೆಯವರ ಕೊನೆಯ ಮಾತೇ ಮುಖ್ಯ. ಈಗ ನೋಡಬೇಕಾದ್ದು ಕಾಂಡದ ಮೇಲಲ್ಲ, ನೆಲದ ಕೆಳಗೆ.

ಗದ್ದೆ ತೋಟದ ಕಷ್ಟ ಎಲ್ಲರಿಗೂ ಕಾಣುವುದಿಲ್ಲ. ತಲೆಮಾರುಗಳ ಕಾಲ ಕೆಸರು ಉತ್ತ ಗದ್ದೆಯಲ್ಲಿ ಉಳುಮೆಯ ಆಳದ ಕೆಳಗೆ, ಸಾಮಾನ್ಯವಾಗಿ 15ರಿಂದ 25 ಸೆ.ಮೀ.ನಲ್ಲಿ, ನೀರು ಇಳಿಯದ ಗಟ್ಟಿ ಪದರ ಇರುತ್ತದೆ. ಅದರ ಮೇಲೆ ಮಣ್ಣು ತುಂಬಿಸಿ ಗಿಡ ನೆಟ್ಟರೆ ಮೇಲೆ ಒಣಗಿದಂತೆ ಕಂಡರೂ ಬೇರು ನೀರಲ್ಲೇ ಇರುತ್ತದೆ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಆಟಿಯಲ್ಲಿ ವಾರಗಟ್ಟಲೆ ಮಳೆ ಹಿಡಿದರೆ ಮುಂದಿನದ್ದನ್ನು ತಿರುಳುಗಾರರು ಹೇಳಿದ್ದಾರೆ.

ತೂತು ಇರುವ ಗಿಡದಿಂದ ಎರಡಡಿ ದೂರ 45 ಸೆ.ಮೀ. ಆಳದ ಹೊಂಡ ತೆಗೆಯಿರಿ. ತೂತಿಲ್ಲದ ಗಿಡದ ಹತ್ತಿರವೂ ಅಷ್ಟೇ ಆಳದ್ದು ಇನ್ನೊಂದು. ಮಳೆ ಬಿಟ್ಟು ಎರಡು ದಿನ ಆದ ಮೇಲೆ ಮಾಡಿ. ಹೊಂಡದಲ್ಲಿ ತಾನಾಗಿಯೇ ನೀರು ಒಸರಿದರೆ ಉತ್ತರ ಅಲ್ಲೇ ಸಿಕ್ಕಿತು. ಇಲ್ಲದಿದ್ದರೆ ಒಮ್ಮೆ ತುಂಬಿಸಿ ಇಂಗಲು ಬಿಡಿ, ಮತ್ತೆ ತುಂಬಿಸಿ ಕೋಲಿನಲ್ಲಿ ಗುರುತು ಮಾಡಿ ನೋಡಿ. ಗಂಟೆಗೆ ಎರಡೂವರೆ ಸೆ.ಮೀ.ಗಿಂತ ಕಡಿಮೆ ಇಳಿದರೆ ಬಸಿಯುವುದು ಸಾಲದು. ಎರಡು ಹೊಂಡಗಳ ವ್ಯತ್ಯಾಸವೇ ನಿಮ್ಮ ಎರಡು ಗಿಡಗಳ ವ್ಯತ್ಯಾಸ ಆಗಿರುವ ಸಾಧ್ಯತೆ ಹೆಚ್ಚು.

ಕಣಿ, ಅಂದರೆ ನೀರು ಬಸಿಯುವ ಕಾಲುವೆ, ಎರಡು ಸಾಲಿಗೆ ಒಂದರಂತೆ ಇರಲಿ, ಅದರ ತಳ ನೆಟ್ಟ ಹೊಂಡದ ತಳಕ್ಕಿಂತ 15ರಿಂದ 30 ಸೆ.ಮೀ. ಕೆಳಗಿರಬೇಕು. 60 ಸೆ.ಮೀ. ಹೊಂಡದಲ್ಲಿ ನೆಟ್ಟಿದ್ದರೆ ಒಂದಡಿ ಆಳದ ಕಣಿ ನೀರನ್ನು ತೋರಿಸುತ್ತದೆಯೇ ಹೊರತು ಬೇರಿನಿಂದ ಬಸಿಯುವುದಿಲ್ಲ. ಹೆಚ್ಚಿನ ಕಡೆ ತಪ್ಪುವುದು ಕೊನೆಯಲ್ಲಿ: ಕಣಿ ತೋಡಿಗೆ ಸೇರುವ ಬಾಯಿ ಹೂಳು ತುಂಬಿ ಎತ್ತರವಾಗಿರುತ್ತದೆ, ಇಡೀ ಕಣಿಯಲ್ಲಿ ನೀರು ನಿಂತಿರುತ್ತದೆ. ಪತ್ತನಾಜೆಯ (ಮೇ ಕೊನೆಯ) ಮೊದಲು ಆ ಬಾಯಿ ಬಿಡಿಸಿ, ಆಟಿಯಲ್ಲಿ ಇನ್ನೊಮ್ಮೆ ನೋಡಿ.

ಗುಡ್ಡೆ ತೋಟದವರಿಗೂ ಒಂದು ಮಾತು. ಮುರಕಲ್ಲು ಕಡಿದ ಪಣೆಗೆ ಮಣ್ಣು ತುಂಬಿಸಿ ನೆಟ್ಟ ಗಿಡದ ಬುಡವೂ ಹೀಗೆಯೇ ನೀರು ಹಿಡಿದುಕೊಳ್ಳುತ್ತದೆ. ಒಂದು ಬದಿಯ ಗೋಡೆ ಕಡಿದು ನೀರಿಗೆ ದಾರಿ ಕೊಡದಿದ್ದರೆ ಏನು ಗೊಬ್ಬರ ಹಾಕಿಯೂ ಪ್ರಯೋಜನವಿಲ್ಲ.

ನೀರು ಒಂದೇ ಕಾರಣ ಅಲ್ಲ. ಕೊಕ್ಕೊದ ಬುಡದ ತೊಗಟೆ ಸ್ವಲ್ಪ ಹೆರೆದು ನೋಡಿ. ಒಳಗೆ ಕೆಂಪುಕಂದು ಕಲೆ, ಅದೇ ಬಣ್ಣದ ರಸ ಒಸರುವುದು ಇದ್ದರೆ ಫೈಟಾಫ್ತೊರಾ ಎಂಬ ರೋಗಾಣುವಿನ ಕಾಂಡ ಹುಣ್ಣು. ಅದೂ ದುಂಬಿಯನ್ನು ಕರೆಯುತ್ತದೆ. ಹುಣ್ಣಿನ ತೊಗಟೆಯನ್ನು ಒಳ್ಳೆಯ ಭಾಗ ಸಿಗುವವರೆಗೆ ಕೆತ್ತಿ ತೆಗೆದು ಬೋರ್ಡೋ ಪೇಸ್ಟ್ ಹಚ್ಚಿ: ಅರ್ಧ ಲೀಟರ್ ನೀರಿನಲ್ಲಿ 100 ಗ್ರಾಂ ಮೈಲುತುತ್ತು, ಇನ್ನರ್ಧ ಲೀಟರ್‌ನಲ್ಲಿ 100 ಗ್ರಾಂ ಸುಣ್ಣ, ಬೇರೆ ಬೇರೆ ಕರಗಿಸಿ ಸೇರಿಸುವುದು. ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆ ಮಾತ್ರ. ಚೂರಿ ಅದ್ದಿ ತೆಗೆದಾಗ ತಾಮ್ರದ ಬಣ್ಣ ಹಿಡಿದರೆ ಸುಣ್ಣ ಸಾಲಲಿಲ್ಲ ಎಂದು. ಹುಲ್ಲು ಹೆರೆಯುವ ಮಿಷನ್ ತಾಗಿದ ಬುಡದ ಗಾಯಗಳಿಗೂ ಅದೇ ದಿನ ಇದನ್ನೇ ಹಚ್ಚಿ.

ಬೈಲುತೋಟ:

ವಿವರಕ್ಕೆ ಉಪಕಾರ. ತೂತಿರುವ ಗಿಡದ ಹೊಂಡದಲ್ಲಿ ಒಂದಡಿಗೇ ನೀರು ಒಸರುತ್ತಿದೆ, ಇನ್ನೊಂದು ಒಣಗಿದೆ. ಕಣಿಯ ಬಾಯಿ ಬಿಡಿಸುವ ಕೆಲಸ ಆಗುತ್ತದೆ. ಅಷ್ಟರಲ್ಲಿ ಮದ್ಯಸಾರದ ಬಲೆ ಇಟ್ಟು ದುಂಬಿಯನ್ನೇ ಹಿಡಿದು ಮುಗಿಸಬಹುದಾ? ಕಳ್ಳು ಇಟ್ಟರೆ ಆಗುತ್ತದೆ ಎಂದು ಕೆಲವರು ಹೇಳುತ್ತಾರೆ.

ಕೀಟಪೆಟ್ಟಿಗೆ (ಮಣಿಪಾಲ):

ಮುಗಿಸಲು ಆಗುವುದಿಲ್ಲ, ತಿಳಿದುಕೊಳ್ಳಲು ಆಗುತ್ತದೆ. ಎರಡು ಲೀಟರಿನ ಸೋಡಾ ಬಾಟಲಿಯ ಹೊಟ್ಟೆಯಲ್ಲಿ ಅಂಗೈಯಗಲದ ಕಿಟಕಿ ಕತ್ತರಿಸಿ. ಮುಚ್ಚಳ ಬಿಗಿ ಮಾಡಿ, ಬಾಯಿ ಕೆಳಗಾಗಿ ತಂತಿಯಲ್ಲಿ ತೂಗಿಸಿ. ಕೆಳಗಿನ ಕತ್ತಿನ ಭಾಗಕ್ಕೆ ಎರಡು ಇಂಚು ಎತ್ತರ ಹ್ಯಾಂಡ್ ಸ್ಯಾನಿಟೈಜರ್ ಹಾಕಿ. ಅದೇ ಆಮಿಷ, ಬಿದ್ದ ದುಂಬಿ ಕೆಡದಂತೆ ಉಳಿಸುವುದೂ ಅದೇ. ಲೇಬಲ್ ಓದಿ: ಎಥೆನಾಲ್ ಅಥವಾ ಈಥೈಲ್ ಆಲ್ಕೋಹಾಲ್ ಎಂದಿರಬೇಕು. ಐಸೊಪ್ರೊಪೈಲ್ ಆದರೆ ಬೇಡ. ಸುಗಂಧ ಹಾಕಿದ್ದೂ ಬೇಡ. ಕಿಟಕಿಯ ಮೇಲೆ ಮಳೆನೀರು ಬೀಳದಂತೆ ಒಂದು ಹಾಳೆ ತಟ್ಟೆ ಕಟ್ಟಿ, ಇಲ್ಲದಿದ್ದರೆ ನಮ್ಮ ಮಳೆಗೆ ಒಂದೇ ದಿನದಲ್ಲಿ ನೀರಾಗಿ ತುಂಬಿ ಚೆಲ್ಲುತ್ತದೆ. ವಾರಕ್ಕೊಮ್ಮೆ ಸೋಸಿ ಹೊಸತು ಹಾಕಿ.

ಎತ್ತರ ಮುಖ್ಯ. ಇವು ತಗ್ಗಿನಲ್ಲಿ ಹಾರುತ್ತವೆ, ನೆಲದಿಂದ ಅರ್ಧ ಮೀಟರಿಂದ ಒಂದು ಮೀಟರ್ ಸಾಕು. ತೋಟದ ನಡುವೆ ಗಿಡಕ್ಕೆ ತಾಗಿಸಿ ಕಟ್ಟುವುದು ದೊಡ್ಡ ತಪ್ಪು: ವಾಸನೆಗೆ ಬಂದ ದುಂಬಿಗಳಲ್ಲಿ ಎಲ್ಲವೂ ಬಾಟಲಿಗೆ ಬೀಳುವುದಿಲ್ಲ, ಉಳಿದವು ಹತ್ತಿರದ ಗಿಡದ ಮೇಲೆ ಇಳಿಯುತ್ತವೆ. ತೋಟದ ಅಂಚಿನಲ್ಲಿ, ಕಾಡು ಅಥವಾ ಸೌದೆ ರಾಶಿ ಇರುವ ಬದಿಯಲ್ಲಿ, ಕೋಲು ನೆಟ್ಟು ತೂಗಿಸಿ. ಚಳಿ ದೇಶಗಳಲ್ಲಿ 20 ಡಿಗ್ರಿ ದಾಟುವವರೆಗೆ ಇವು ಹಾರುವುದಿಲ್ಲ. ಕರಾವಳಿಯಲ್ಲಿ ಆ ತಡೆ ಇಲ್ಲದ್ದರಿಂದ ಬಲೆ ವರ್ಷವಿಡೀ ಇರಲಿ.

ಕಳ್ಳು ಕೆಂಪು ಮೂತಿ ಹುಳಕ್ಕೆ ಹಿಂದಿನಿಂದ ಇಡುತ್ತಿದ್ದದ್ದು. ಇಲ್ಲಿ ಅದು ಉಪಯೋಗಕ್ಕೆ ಬಾರದು. ಅದರಲ್ಲಿ ಮದ್ಯಸಾರ ಕಡಿಮೆ, ಎರಡು ದಿನದಲ್ಲಿ ಹುಳಿಯಾಗಿ ವಿನೆಗರ್ ಆಗುತ್ತದೆ, ಹಣ್ಣುನೊಣ ತುಂಬಿ ನಿಮಗೆ ಬೇಕಾದ ದುಂಬಿ ಯಾವುದೆಂದು ಹುಡುಕಲೂ ಆಗುವುದಿಲ್ಲ.

ತಿರುಳುಗಾರ:

ಬಲೆಯ ಬಗ್ಗೆ ಒಂದು ತಿದ್ದುಪಡಿ ಸೇರಿಸಲೇಬೇಕು. ಬಲೆ ಖಾಲಿ ಇದ್ದರೆ ದುಂಬಿಯೇ ಇಲ್ಲ ಎಂದು ಓದಬಾರದು. ಎಲ್ಲ ಆಂಬ್ರೋಸಿಯಾ ದುಂಬಿಗಳೂ ಎಥೆನಾಲ್‌ಗೆ ಬರುವುದಿಲ್ಲ. ಚಹಾ ಕೊರಕ ಯೂವಾಲೇಸಿಯಾ ಗುಂಪಿಗೆ ಕ್ವೆರ್ಸಿವೊರಾಲ್ ಎಂಬ ಬೇರೆ ವಾಸನೆ ಬೇಕು. ಅಮೆರಿಕದಲ್ಲಿ 2002ರಲ್ಲಿ ಕಾಣಿಸಿ ಬೆಣ್ಣೆಹಣ್ಣಿನ ತೋಟಗಳಿಗೆ ಬಾಡುರೋಗ ಹರಡಿದ ಝೈಲೆಬೊರಸ್ ಗ್ಲಾಬ್ರೇಟಸ್ ಎಥೆನಾಲ್ ಕಡೆ ತಿರುಗಿಯೂ ನೋಡುವುದಿಲ್ಲ. ಅದು ಬೆಣ್ಣೆಹಣ್ಣಿನ ಕುಟುಂಬದ ಮರಗಳ ಆಲ್ಫಾ-ಕೋಪೀನ್ ವಾಸನೆ ಹಿಡಿದು ಆರೋಗ್ಯವಾದ ಮರಕ್ಕೇ ಹೋಗುತ್ತದೆ. ಹಾಗಾಗಿ ಬಲೆಯ ಜೊತೆ ಕಾಂಡವನ್ನೂ ವಾರಕ್ಕೊಮ್ಮೆ ಕಣ್ಣಾರೆ ನೋಡಿ.

ಕೀಟನಾಶಕದ ಪ್ರಶ್ನೆ ಹಾಗೆಯೇ ಉಳಿದಿತ್ತು. ಒಳಗೆ ಸೇರಿದ ಮೇಲೆ ಕಾಂಡದ ಮೇಲೆ ಹೊಡೆದದ್ದು ತಾಗುವುದಿಲ್ಲ. ಬೇರಿನ ಮೂಲಕ ಹೀರಿಕೊಳ್ಳುವ ಮದ್ದೂ ಹೆಚ್ಚು ಕೆಲಸ ಮಾಡದು, ಯಾಕೆಂದರೆ ಹುಳ ಮರವನ್ನು ತಿನ್ನುವುದಿಲ್ಲ. ದುಂಬಿ ಇಳಿಯುವ ಮೊದಲೇ ತೊಗಟೆಯ ಮೇಲೆ ಇದ್ದರೆ ಮಾತ್ರ ಪರಿಣಾಮ, ಆಟಿಯ ಮಳೆಯಲ್ಲಿ ಅದು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೀವೇ ಯೋಚಿಸಿ. ತೂತಿಗೆ ಸಪೂರ ತಂತಿ ತೂರಿಸುವುದು ಮೊದಲ ಎರಡು ಮೂರು ದಿನ, ತಾಯಿ ಬಾಯಿಯ ಹತ್ತಿರ ಇರುವಾಗ, ಸ್ವಲ್ಪ ಉಪಯೋಗ. ಸುರಂಗ ಕವಲೊಡೆದ ಮೇಲೆ ವ್ಯರ್ಥ.

ಈಗಿನ ಗಿಡಗಳಿಗೆ ಹೀಗೆ ಮಾಡಿ. ಬರೀ ರೆಂಬೆಯಲ್ಲಿ ತೂತಿದ್ದರೆ ಕೊನೆಯ ತೂತಿನಿಂದ 5ರಿಂದ 7 ಸೆ.ಮೀ. ಕೆಳಗೆ ಕತ್ತರಿಸಿ ಅದೇ ದಿನ ಸುಡಿ. ಕಾಂಡದಲ್ಲಿ ನಾಲ್ಕೈದು ತೂತು, ಎಲೆ ತಾಜಾ ಇದ್ದರೆ ಕಡಿಯಬೇಡಿ, ನೀರು ಬಸಿದು ಕಾಯಿರಿ. ತೂತಿನ ಸುತ್ತ ಬಣ್ಣ ಬಳಿದು ಗುರುತಿಟ್ಟರೆ ಹೊಸ ತೂತು ಬಿತ್ತೋ ಇಲ್ಲವೋ ಗೊತ್ತಾಗುತ್ತದೆ. ಕಾಂಡ ತುಂಬ ತೂತು, ಚಿಗುರು ಬಾಡುತ್ತಿದೆ ಎಂದಾದರೆ ಆ ಗಿಡ ಉಳಿಯುವುದಿಲ್ಲ. ಅದನ್ನು ಒಂದೆರಡು ವಾರ ನಿಲ್ಲಿಸಿ ಉಳಿದ ದುಂಬಿಗಳನ್ನೂ ಅದಕ್ಕೇ ಬರಗೊಟ್ಟು ಆಮೇಲೆ ಸುಡುವ ಕ್ರಮ ಉಂಟು. ಆದರೆ ತಾರೀಕು ಬರೆದಿಟ್ಟುಕೊಳ್ಳುವವರು ಮಾತ್ರ ಅದನ್ನು ಮಾಡಬೇಕು. ಕಾಂಪ್ಯಾಕ್ಟಸ್ 25 ಡಿಗ್ರಿಯಲ್ಲಿ ಮೊಟ್ಟೆಯಿಂದ ದುಂಬಿಯಾಗಲು ಸುಮಾರು ನಾಲ್ಕು ವಾರ ಸಾಕು. ಮರೆತರೆ ತೋಟದಲ್ಲಿ ದುಂಬಿ ಸಾಕಿದಂತೆಯೇ ಆಗುತ್ತದೆ.

ಮುರಕಲ್ಲು:

ಕಡಿದದ್ದನ್ನು ಕಣಿಯ ಬದಿಯಲ್ಲಿ ರಾಶಿ ಹಾಕುವುದನ್ನೂ ಬಿಡಬೇಕು. ಹಸಿ ಕಟ್ಟಿಗೆ ಕಡಿದ ಕೂಡಲೇ ಹುಳಿಯಲು ಶುರುವಾಗುತ್ತದೆ, ದುಂಬಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ರಬ್ಬರ್ ಕಡಿದವರು ದಿಮ್ಮಿಗಳನ್ನು ತೋಟದಂಚಿನಲ್ಲಿ ವಾರಗಟ್ಟಲೆ ಬಿಡುತ್ತಾರೆ. ರಬ್ಬರ್ ಮರದಲ್ಲಿ ಸಕ್ಕರೆ, ಗಂಜಿ ತುಂಬ, ಎರಡು ದಿನದೊಳಗೆ ಸಾಗಿಸಿ ಸಂಸ್ಕರಿಸದಿದ್ದರೆ ಕೊರೆಯುವ ಹುಳವೂ ನೀಲಿ ಕಲೆಯೂ ಹಿಡಿಯುತ್ತದೆ. ಸೌದೆಗೆ ಬೇಕಾದರೆ ಸೀಳಿ ಬಿಸಿಲಿಗೆ ಹಾಕಿ. ಪೂರ್ತಿ ಒಣಗಿದ ಮರದಲ್ಲಿ ಈ ಶಿಲೀಂಧ್ರ ಬೆಳೆಯುವುದಿಲ್ಲ. ಒಣ ಜಂತಿಯಿಂದ ನಯ ಹುಡಿ ಉದುರಿದರೆ ಅದು ಬೇರೆ ಜಾತಿಯ ಕುಟ್ಟೆ, ಅದಕ್ಕೂ ತೋಟಕ್ಕೂ ಸಂಬಂಧ ಇಲ್ಲ.

ಮಾದರಿ ಕೊಡುವುದಾದರೆ ತೂತಿರುವ ಕಾಂಡದ ಒಂದು ಅಡಿ ತುಂಡನ್ನು ಕಾಗದದಲ್ಲಿ ಸುತ್ತಿ, ಸಿಕ್ಕಿದ ದುಂಬಿಗಳನ್ನು ಸಣ್ಣ ಬಾಟಲಿಯ ಸ್ಯಾನಿಟೈಜರ್‌ನಲ್ಲಿ ಹಾಕಿ, ಬೆಳೆ, ಊರು, ತಾರೀಕು, ತೂತಿನ ಎತ್ತರ ಪೆನ್ಸಿಲಿನಲ್ಲಿ ಬರೆದ ಚೀಟಿ ಒಳಗೇ ಇಡಿ. ಪೆನ್ನಿನ ಶಾಯಿ ಮದ್ಯಸಾರದಲ್ಲಿ ಕರಗಿಹೋಗುತ್ತದೆ. ನಿಮಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರ ಹತ್ತಿರ. ಅಡಿಕೆ, ಕೊಕ್ಕೊಗೆ ವಿಟ್ಲದ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ), ಗೇರಾದರೆ ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ. ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ, ಅಲ್ಲಿಗೆ ತಲುಪುವಾಗ ಬೂಸ್ಟು ಹಿಡಿದು ಏನೂ ಗುರುತಿಸಲಾಗುವುದಿಲ್ಲ.